ಮಗುವಿನ ಹೊಟ್ಟೆನೋವಿನ ಹಿಂದೆ ಶಾಲೆಯೂ ಇರಬಹುದು: ಒತ್ತಡವನ್ನು ಗುರುತಿಸಿ ನಿಭಾಯಿಸುವ ಬಗೆ

ಶಾಲೆಗೆ ಹೋಗುವ ಮಗು ‘ನನಗೆ ಒತ್ತಡ ಆಗ್ತಿದೆ’ ಅಂತ ಬಾಯಿಬಿಟ್ಟು ಹೇಳುವುದು ಅಪರೂಪ. ಚಿಕ್ಕ ಮಕ್ಕಳಿಗೆ ಅದನ್ನು ಹೇಳಲು ಮಾತು ಸಿಗುವುದಿಲ್ಲ. ದೊಡ್ಡ ಮಕ್ಕಳಿಗೆ ಮಾತು ಗೊತ್ತು, ಆದರೆ ಹೇಳಿದ ಮೇಲೆ ಮನೆಯಲ್ಲಿ ಏನು ಶುರುವಾಗುತ್ತದೆ ಅನ್ನುವುದೂ ಗೊತ್ತು. ಒಂದೋ ಉಪದೇಶ, ಇಲ್ಲವೇ ಅಮ್ಮನ ಕಣ್ಣೀರು. ಹಾಗಾಗಿ ಸುಮ್ಮನಾಗಿಬಿಡುತ್ತಾರೆ. ಒಳಗಿದ್ದದ್ದು ಬೇರೆ ರೂಪದಲ್ಲಿ ಹೊರಗೆ ಬರುತ್ತದೆ. ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ಪುಸ್ತಕ ತೆರೆದ ಕೂಡಲೇ ತಲೆನೋವು, ಸಣ್ಣ ವಿಷಯಕ್ಕೂ ತಮ್ಮನ ಮೇಲೆ ರೇಗಾಟ.

ಇಲ್ಲಿ ನಾವು ಹೆತ್ತವರು ಎಡವುವುದು ಅವಸರದಿಂದ. ಮಗು ಇನ್ನೂ ವಿಷಯ ಹೇಳಿ ಮುಗಿಸಿರುವುದಿಲ್ಲ, ಅಷ್ಟರಲ್ಲಿ ನಾವು ಪರಿಹಾರ ಹೇಳಿ ಮುಗಿಸಿರುತ್ತೇವೆ. ಅದಕ್ಕೇ ಇಲ್ಲಿ ಕ್ರಮಕ್ಕೆ ಜಾಸ್ತಿ ಬೆಲೆ ಕೊಟ್ಟಿದ್ದೇನೆ. ಮೊದಲು ಗಮನಿಸಬೇಕು, ಆಮೇಲೆ ಕೇಳಿಸಿಕೊಳ್ಳಬೇಕು. ಸರಿಪಡಿಸುವ ಕೆಲಸ ಅದಾದ ಮೇಲೆ. ಈ ಕ್ರಮ ತಪ್ಪಿದರೆ ಒಳ್ಳೆಯ ಸಲಹೆಯೂ ಮಗುವಿಗೆ ಇನ್ನೊಂದು ಹೊರೆಯೇ ಆಗುತ್ತದೆ.

ಶುರುಮಾಡುವ ಮೊದಲು: ಆ ನೋವು ನಾಟಕವಲ್ಲ

ಭಯವಾದಾಗ ಮೆದುಳು ಮೈಯನ್ನು ಎಚ್ಚರಿಸುತ್ತದೆ. ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆ ಜೋರಾಗಿ ಬಡಿದುಕೊಳ್ಳುತ್ತದೆ, ಉಸಿರು ಚುರುಕಾಗುತ್ತದೆ, ರಕ್ತ ಕೈಕಾಲಿನ ಸ್ನಾಯುಗಳ ಕಡೆ ಹರಿಯುತ್ತದೆ. ಆ ಹೊತ್ತಿಗೆ ಜೀರ್ಣಕ್ರಿಯೆ ಮೈಗೆ ಮುಖ್ಯವಲ್ಲ, ಹಾಗಾಗಿ ಹೊಟ್ಟೆಯ ಕೆಲಸ ತಡೆದು ನಿಲ್ಲುತ್ತದೆ. ಇದನ್ನು ಕಣ್ಣಾರೆ ಕಂಡವರು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್. 1890ರ ದಶಕದ ಕೊನೆಯಲ್ಲಿ, ಎಕ್ಸ್‌ರೇ ಆಗಷ್ಟೇ ಬಂದಿದ್ದ ಕಾಲದಲ್ಲಿ, ಅವರು ಬೆಕ್ಕುಗಳ ಹೊಟ್ಟೆ ಹೇಗೆ ಅಲುಗಾಡುತ್ತದೆ ಅಂತ ನೋಡುತ್ತಿದ್ದರು. ಬೆಕ್ಕು ಗಾಬರಿಯಾದಾಗಲೆಲ್ಲ ಆ ಅಲುಗಾಟ ನಿಂತುಹೋಗುತ್ತಿತ್ತು.

ಅಂದರೆ ಗಣಿತ ಟೆಸ್ಟ್ ಇರುವ ದಿನ ಮಗುವಿಗೆ ಬರುವ ಹೊಟ್ಟೆನೋವು ನಿಜವಾದ ನೋವು. ‘ಸುಮ್ನೆ ನೆಪ ಹೇಳಬೇಡ’ ಅಂದರೆ ಮಗುವಿಗೆ ಎರಡು ಕಷ್ಟ ಆಗುತ್ತದೆ. ನೋವು ಇದ್ದೇ ಇದೆ, ಈಗ ನಂಬುವವರೂ ಇಲ್ಲ.

ಇನ್ನೊಂದು ವಿಷಯ. ಒತ್ತಡವೆಲ್ಲ ಕೆಟ್ಟದ್ದಲ್ಲ. ಮೊದಲ ಬಾರಿ ವೇದಿಕೆ ಹತ್ತುವಾಗ, ಹೊಸ ಶಾಲೆಗೆ ಕಾಲಿಡುವಾಗ ಬರುವ ನಡುಕ ಸ್ವಲ್ಪ ಹೊತ್ತಿನದು. ಅದು ಬಂದು ಹೋದ ಮೇಲೆ ಮಗುವಿಗೆ ‘ನನ್ನ ಕೈಲಿ ಆಗುತ್ತೆ’ ಅನ್ನುವ ಧೈರ್ಯ ಬರುತ್ತದೆ. ಮನೆಯಲ್ಲಿ ಸಾವು, ಊರು ಬದಲಾವಣೆ ಇಂಥವು ದೊಡ್ಡ ಒತ್ತಡಗಳೇ. ಆದರೂ ಜೊತೆಗೆ ನಿಲ್ಲುವ ಹಿರಿಯರಿದ್ದರೆ ಮಕ್ಕಳು ತಡೆದುಕೊಳ್ಳುತ್ತಾರೆ. ಹಾನಿ ಮಾಡುವುದು ಮೂರನೆಯ ಬಗೆ. ವಾರಗಟ್ಟಲೆ, ತಿಂಗಳುಗಟ್ಟಲೆ ಬಿಡದೆ ಮುಂದುವರಿಯುವ, ಹೇಳಿಕೊಳ್ಳಲು ಯಾರೂ ಇಲ್ಲದ ಒತ್ತಡ. ನಮ್ಮ ಗಮನ ಮುಖ್ಯವಾಗಿ ಬೇಕಾಗಿರುವುದು ಅಲ್ಲಿ.

ಹೆಜ್ಜೆ 1: ಎರಡು ವಾರ ಬರೀ ಗಮನಿಸಿ

‘ಒತ್ತಡದ ಲಕ್ಷಣಗಳು’ ಅಂತ ಪಟ್ಟಿ ಹಿಡಿದುಕೊಂಡು ಮಗುವನ್ನು ಅಳೆಯಲು ಹೋದರೆ ಗೊಂದಲವೇ ಜಾಸ್ತಿ. ಕೆಲವು ಮಕ್ಕಳು ಹುಟ್ಟಿನಿಂದಲೇ ಮಾತು ಕಡಿಮೆ, ಕೆಲವರಿಗೆ ಬೇಗ ಕೋಪ ಬರುತ್ತದೆ. ನೋಡಬೇಕಾದ್ದು ಬದಲಾವಣೆಯನ್ನು. ವಟವಟ ಮಾತಾಡುತ್ತಿದ್ದ ಮಗು ಮೌನವಾಯಿತೇ? ಒಬ್ಬನೇ ಮಲಗುತ್ತಿದ್ದವನು ಈಗ ಅಮ್ಮನ ಪಕ್ಕವೇ ಬೇಕು ಅನ್ನುತ್ತಿದ್ದಾನೆಯೇ? ದಿನಾ ಆಡಲು ಕರೆಯುತ್ತಿದ್ದ ಗೆಳೆಯರ ಹೆಸರು ಮನೆಯಲ್ಲಿ ಕೇಳುವುದೇ ನಿಂತುಹೋಯಿತೇ?

ಚಿಕ್ಕವರಲ್ಲಿ ಉಗುರು ಕಚ್ಚುವುದು, ಕೂದಲು ತಿರುಚುವುದು, ಹಟ, ಹೋಗುವಾಗ ಅಂಟಿಕೊಂಡು ಅಳುವುದು ಕಾಣುತ್ತದೆ. ಹಾಸಿಗೆ ಒದ್ದೆ ಮಾಡುವುದನ್ನು ನಿಲ್ಲಿಸಿ ಆರು ತಿಂಗಳಾದ ಮೇಲೆ ಅದು ಮತ್ತೆ ಶುರುವಾದರೆ ಅದಕ್ಕೂ ಒಂದು ಕಾರಣ ಇರುತ್ತದೆ. ಕೆಲವೊಮ್ಮೆ ಸೋಂಕು, ಮಲಬದ್ಧತೆ ಅಥವಾ ಸಕ್ಕರೆ ಕಾಯಿಲೆ, ಕೆಲವೊಮ್ಮೆ ಒತ್ತಡ. ಬೈಯುವ ಬದಲು ವೈದ್ಯರಿಗೆ ತೋರಿಸಿ. ಹದಿಹರೆಯದವರಲ್ಲಿ ಒತ್ತಡ ಬೇಸರಕ್ಕಿಂತ ಹೆಚ್ಚಾಗಿ ಸಿಡುಕಾಗಿ ಕಾಣುತ್ತದೆ. ಬಾಗಿಲು ಹಾಕಿಕೊಂಡು ಕೂರುವುದು, ರಾತ್ರಿ ತಡವಾಗಿ ಮಲಗುವುದು, ಇಷ್ಟಪಟ್ಟು ಮಾಡುತ್ತಿದ್ದ ಕೆಲಸವನ್ನೂ ‘ಬೋರು’ ಅನ್ನುವುದು. ನಾವು ಇದನ್ನು ‘ಈ ವಯಸ್ಸೇ ಹಾಗೆ’ ಅಂತ ತಳ್ಳಿಹಾಕುತ್ತೇವೆ. ಸ್ವಲ್ಪ ಮಟ್ಟಿಗೆ ಅದು ನಿಜವೂ ಹೌದು, ಅದಕ್ಕೇ ಒತ್ತಡ ನಮ್ಮ ಕಣ್ಣು ತಪ್ಪಿಹೋಗುತ್ತದೆ.

ಎಲ್ಲವನ್ನೂ ನೆನಪಿನಲ್ಲಿ ಇಟ್ಟುಕೊಳ್ಳಬೇಡಿ, ಬರೆದಿಡಿ. ಮೊಬೈಲ್‌ನಲ್ಲೇ ಸಾಕು, ದಿನಕ್ಕೆ ಒಂದು ಸಾಲು. ಉದಾಹರಣೆಗೆ ಒಂದು ವಾರ ಹೀಗಿರಬಹುದು:

ಭಾನುವಾರ: ಸಂಜೆ ಆರರವರೆಗೆ ಚೆನ್ನಾಗಿದ್ದಳು. ಬ್ಯಾಗ್ ಜೋಡಿಸಿಕೋ ಅಂದಾಗ ಅಳು.
ಸೋಮವಾರ: ಹೊಟ್ಟೆನೋವು, ತಿಂಡಿ ಬಿಟ್ಟಳು. ಮಧ್ಯಾಹ್ನದ ಮೇಲೆ ನೋವಿಲ್ಲ.
ಮಂಗಳವಾರ: ಏನೂ ಇಲ್ಲ.
ಬುಧವಾರ: ಮತ್ತೆ ಹೊಟ್ಟೆನೋವು. ಬಸ್ಸಿನಲ್ಲಿ ಹೋಗಲ್ಲ ಅಂದಳು.
ಗುರುವಾರ: ಅಪ್ಪ ಬಿಟ್ಟುಬಂದರು. ಖುಷಿಯಾಗಿ ಹೋದಳು.

ಇಷ್ಟು ನೋಡಿದರೆ ಪಾಠದ ತೊಂದರೆಗಿಂತ ಬಸ್ಸಿನ ಮೇಲೆ ಅನುಮಾನ ಹೋಗುತ್ತದೆ, ಅಲ್ವಾ? ಬರೆಯದೆ ಇದ್ದಿದ್ದರೆ ‘ವಾರವೆಲ್ಲ ಹೊಟ್ಟೆನೋವು’ ಅಂತಷ್ಟೇ ನೆನಪಿರುತ್ತಿತ್ತು. ಯಾವ ದಿನ, ಯಾವ ಹೊತ್ತು, ಅದಕ್ಕೆ ಮೊದಲು ಏನಾಗಿತ್ತು, ರಜೆಯಲ್ಲಿ ಇರುತ್ತದೋ ಇಲ್ಲವೋ, ಈ ನಾಲ್ಕು ಸಂಗತಿ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಈ ಟಿಪ್ಪಣಿ ಮಗುವಿನ ಕೈಗೆ ಸಿಗದಿರಲಿ. ತನ್ನ ಮೇಲೆ ಕಣ್ಣಿಟ್ಟಿದ್ದಾರೆ ಅನ್ನುವ ಭಾವನೆಯೇ ಇನ್ನೊಂದು ಒತ್ತಡ.

ಹೆಜ್ಜೆ 2: ಮೈಯ ಕಾರಣಗಳನ್ನು ಮೊದಲು ನೋಡಿಬಿಡಿ

1958ರಲ್ಲಿ ಬ್ರಿಟನ್ನಿನ ಮಕ್ಕಳ ವೈದ್ಯ ಜಾನ್ ಏಪ್ಲಿ ಮತ್ತು ಅವರ ಸಹೋದ್ಯೋಗಿ ಸಾವಿರ ಶಾಲಾಮಕ್ಕಳನ್ನು ನೋಡಿ ವರದಿ ಮಾಡಿದರು. ಹತ್ತರಲ್ಲಿ ಒಂದು ಮಗುವಿಗೆ ಪದೇ ಪದೇ ಹೊಟ್ಟೆನೋವು ಬರುತ್ತಿತ್ತು. ಹೆಚ್ಚಿನವರಲ್ಲಿ ಹೊಟ್ಟೆಯೊಳಗೆ ಯಾವ ರೋಗವೂ ಕಾಣಲಿಲ್ಲ. ನೋವು ಹೊಕ್ಕುಳಿನಿಂದ ಎಷ್ಟು ದೂರವೋ ಅಷ್ಟು ರೋಗದ ಸಾಧ್ಯತೆ ಜಾಸ್ತಿ ಅನ್ನುವ ಅವರ ಮಾತನ್ನು ವೈದ್ಯರು ಇವತ್ತಿಗೂ ನೆನಪಿಸಿಕೊಳ್ಳುತ್ತಾರೆ.

ಹಾಗಂತ ಮನೆಯಲ್ಲೇ ‘ಇದು ಟೆನ್ಷನ್’ ಅಂತ ತೀರ್ಮಾನ ಮಾಡಬೇಡಿ. ನಿದ್ದೆಯಿಂದ ಎಬ್ಬಿಸುವ ನೋವು, ಒಂದೇ ಪಕ್ಕಕ್ಕೆ ಬರುವ ನೋವು, ಜ್ವರ, ಮತ್ತೆ ಮತ್ತೆ ವಾಂತಿ, ಮಲದಲ್ಲಿ ರಕ್ತ, ತೂಕ ಇಳಿಯುವುದು, ಬೆಳಿಗ್ಗೆ ಏಳುವಾಗಲೇ ತಲೆನೋವಿನ ಜೊತೆ ವಾಂತಿ, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಕಣ್ಣು, ಕಿವಿ ಪರೀಕ್ಷೆಯೂ ಆಗಲಿ. ಬೋರ್ಡ್ ಮೇಲಿನದು ಕಾಣದ ಮಗು ‘ಕ್ಲಾಸಲ್ಲಿ ಏನೂ ಅರ್ಥ ಆಗಲ್ಲ’ ಅನ್ನುತ್ತದೆಯೇ ಹೊರತು ‘ನನಗೆ ಕಣ್ಣು ಮಂಜು’ ಅನ್ನುವುದಿಲ್ಲ. ಎಲ್ಲರಿಗೂ ಹಾಗೇ ಕಾಣುತ್ತದೆ ಅಂತಲೇ ಅದು ಅಂದುಕೊಂಡಿರುತ್ತದೆ. ಕಲಿಕೆಯ ತೊಂದರೆಗಳೂ ಹೀಗೇ ಮರೆಯಲ್ಲಿರುತ್ತವೆ. ಬಾಯಲ್ಲಿ ಎಲ್ಲ ಉತ್ತರ ಹೇಳುವ ಮಗು ಬರೆಯಲು ಕೂತರೆ ಅಕ್ಷರ ತಪ್ಪುತ್ತದೆ, ಓದುವಾಗ ಸಾಲು ಬಿಟ್ಟುಹೋಗುತ್ತದೆ ಅಂದರೆ ಡಿಸ್ಲೆಕ್ಸಿಯಾ ಎಂಬ ಓದು-ಬರಹದ ತೊಂದರೆ ಇರಬಹುದು. ಅಂಥ ಮಗುವಿಗೆ ‘ಇನ್ನಷ್ಟು ಓದು’ ಅನ್ನುವುದರಿಂದ ಪ್ರಯೋಜನವಿಲ್ಲ. ತಜ್ಞರ ಹತ್ತಿರ ಪರೀಕ್ಷೆ ಮಾಡಿಸಬೇಕು, ಬೇರೆ ಬಗೆಯಲ್ಲಿ ಕಲಿಸಬೇಕು. ವರ್ಷಗಟ್ಟಲೆ ‘ಸೋಮಾರಿ’ ಅನ್ನಿಸಿಕೊಂಡ ಎಷ್ಟೋ ಮಕ್ಕಳ ಕಥೆ ಇದೇ ಆಗಿರುತ್ತದೆ, ನೆನೆಸಿಕೊಂಡರೆ ಸಂಕಟವಾಗುತ್ತದೆ.

ಹೆಜ್ಜೆ 3: ಮಾತಾಡಿಸುವ ಬಗೆ

ಇಡೀ ವಿಷಯದಲ್ಲಿ ಹೆಚ್ಚು ಕಷ್ಟದ್ದು ಇದು, ಹೆಚ್ಚು ಫಲ ಕೊಡುವುದೂ ಇದೇ.

ಶಾಲೆಯಿಂದ ಬಂದ ಕೂಡಲೇ ಪ್ರಶ್ನೆ ಬೇಡ. ಆರೇಳು ಗಂಟೆ ನಿಯಮದೊಳಗೆ ಕೂತು ಬಂದ ಮಗುವಿಗೆ ಮೊದಲು ಬೇಕಾಗಿರುವುದು ತಿನ್ನಲು ಏನಾದರೂ ಮತ್ತು ಸುಮ್ಮನೆ ಇರಲು ಸ್ವಲ್ಪ ಹೊತ್ತು. ಎದುರುಬದುರು ಕೂರಿಸಿ ‘ನಿನ್ನ ಹತ್ತಿರ ಮಾತಾಡಬೇಕು’ ಅಂದರೆ ವಿಚಾರಣೆಯ ಹಾಗಾಗುತ್ತದೆ. ಪಕ್ಕಪಕ್ಕದಲ್ಲಿ ಇದ್ದಾಗ ಮಕ್ಕಳು ಸಲೀಸಾಗಿ ಮಾತಾಡುತ್ತಾರೆ. ನಡೆಯುವಾಗ, ಗಾಡಿಯಲ್ಲಿ ಹೋಗುವಾಗ, ಬಟ್ಟೆ ಮಡಚುವಾಗ, ದೀಪ ಆರಿಸಿ ಮಲಗಿಸುವಾಗ. ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲ ಅನ್ನುವುದೇ ಅವರಿಗೆ ದೊಡ್ಡ ನಿರಾಳ.

‘ಇವತ್ತು ಶಾಲೆ ಹೇಗಿತ್ತು?’ ಅನ್ನುವುದಕ್ಕೆ ‘ಚೆನ್ನಾಗಿತ್ತು’ ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಚಿಕ್ಕದಾಗಿ, ನಿರ್ದಿಷ್ಟವಾಗಿ ಕೇಳಿ. ‘ಊಟಕ್ಕೆ ಯಾರ ಪಕ್ಕ ಕೂತಿದ್ದೆ?’ ‘ಇವತ್ತು ಯಾವ ಪೀರಿಯಡ್ ಬೇಗ ಮುಗಿಯಲಿ ಅನ್ನಿಸ್ತು?’ ‘ಬಿಡುವಿನಲ್ಲಿ ಎಲ್ಲಿದ್ದೆ?’ ಒಂದು ಸಲಕ್ಕೆ ಒಂದು ಪ್ರಶ್ನೆ ಸಾಕು.

ಮಗು ಮಾತು ತೆಗೆದಾಗ ಏನು ಹೇಳುತ್ತೀರಿ ಅನ್ನುವುದು ಮುಖ್ಯ. ಒಂದೇ ಸಂಗತಿಗೆ ಎರಡು ಬಗೆ ನೋಡಿ.

‘ಅಮ್ಮಾ, ನಾಳೆ ಟೆಸ್ಟಲ್ಲಿ ನಾನು ಫೇಲ್ ಆಗ್ತೀನಿ.’
‘ಹಾಗೆಲ್ಲ ಅನ್ನಬೇಡ ಪುಟ್ಟಾ, ನೀನು ಜಾಣ. ಹೋಗಿ ಇನ್ನೊಂದು ಸಲ ಓದು, ಎಲ್ಲ ಸರಿಹೋಗುತ್ತೆ.’

ಇಲ್ಲಿಗೆ ಮಾತು ಮುಗಿಯಿತು. ಅಮ್ಮ ಧೈರ್ಯವನ್ನೇ ಹೇಳಿದ್ದಾಳೆ, ಆದರೆ ಮಗುವಿನ ಭಯ ಇದ್ದ ಕಡೆಯೇ ಉಳಿಯಿತು. ಈಗ ಇನ್ನೊಂದು:

‘ಅಮ್ಮಾ, ನಾಳೆ ಟೆಸ್ಟಲ್ಲಿ ನಾನು ಫೇಲ್ ಆಗ್ತೀನಿ.’
‘ಹೌದಾ, ತುಂಬಾ ಭಯ ಆಗ್ತಿದೆ ಅನ್ಸುತ್ತೆ.’
‘ಹೂಂ. ಭಿನ್ನರಾಶಿ ನಂಗೆ ಬರಲ್ಲ.’
‘ಭಿನ್ನರಾಶಿ.’
‘ಕೂಡೋದು ಬರುತ್ತೆ. ಕೆಳಗಡೆ ನಂಬರ್ ಬೇರೆ ಬೇರೆ ಇದ್ರೆ ಗೊತ್ತಾಗಲ್ಲ. ಮೇಷ್ಟ್ರನ್ನ ಕೇಳಿದ್ರೆ ಎಲ್ಲರೂ ನಗ್ತಾರೆ.’

ಎರಡನೆಯದರಲ್ಲಿ ಅಮ್ಮ ಹೇಳಿದ್ದು ಏನೂ ಇಲ್ಲ ಅನ್ನುವಷ್ಟು ಕಡಿಮೆ. ಆದರೂ ಮೂರು ವಿಷಯ ಹೊರಬಂತು. ಭಯ ಇಡೀ ಗಣಿತದ ಬಗ್ಗೆ ಅಲ್ಲ, ಒಂದು ಬಗೆಯ ಲೆಕ್ಕದ ಬಗ್ಗೆ. ತರಗತಿಯಲ್ಲಿ ಪ್ರಶ್ನೆ ಕೇಳಲು ಹೆದರಿಕೆ. ಜೊತೆಯವರು ನಗುತ್ತಾರೆ. ಮೊದಲನೆಯದನ್ನು ಮನೆಯಲ್ಲೇ ಕೂತು ಕಲಿಸಬಹುದು. ಉಳಿದೆರಡನ್ನು ಶಿಕ್ಷಕರ ಹತ್ತಿರ ಮಾತಾಡಬೇಕು. ಉಪದೇಶ ಮಾಡಿ ಕಳಿಸಿದ್ದರೆ ಇದು ಯಾವುದೂ ಗೊತ್ತಾಗುತ್ತಿರಲಿಲ್ಲ.

ಭಾವನೆಗೆ ಹೆಸರು ಕೊಡುವುದಕ್ಕೆ ಇನ್ನೊಂದು ಬೆಲೆಯೂ ಇದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೊಡ್ಡವರಿಗೆ ಕೋಪ, ಭಯ ತುಂಬಿದ ಮುಖಗಳ ಚಿತ್ರ ತೋರಿಸಿ ಮೆದುಳನ್ನು ಸ್ಕ್ಯಾನ್ ಮಾಡಿದ್ದರು. ಆ ಭಾವನೆಯ ಹೆಸರನ್ನು ಆರಿಸಿ ಹೇಳಿದಾಗ, ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಕಡಿಮೆಯಾಯಿತು. ಮಕ್ಕಳಿಗೆ ಈ ಹೆಸರುಗಳನ್ನು ನಾವೇ ಕೊಡಬೇಕು. ಭಯ, ಬೇಜಾರು, ನಾಚಿಕೆ, ಅವಮಾನ, ಹೊಟ್ಟೆಕಿಚ್ಚು, ಸುಸ್ತು. ‘ಸಿಟ್ಟು’ ಅನ್ನುವ ಒಂದೇ ಮಾತಿನಲ್ಲಿ ಅವರು ಇದನ್ನೆಲ್ಲ ತುಂಬಿಸಿರುತ್ತಾರೆ.

ಎಲ್ಲಕ್ಕೂ ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿ: ‘ನಾನು ಸುಮ್ನೆ ಕೇಳಿಸಿಕೊಳ್ಳಲಾ, ಇಲ್ಲಾ ಏನಾದರೂ ಸಹಾಯ ಮಾಡಲಾ?’ ಎಂಟು ವರ್ಷದ ಮಗುವೂ ಇದಕ್ಕೆ ಸರಿಯಾಗಿ ಉತ್ತರ ಕೊಡುತ್ತದೆ.

ಹೇಳಿದ್ದನ್ನು ನೆಂಟರ ಮುಂದೆ, ಫೋನಿನಲ್ಲಿ ಮತ್ತೊಬ್ಬರಿಗೆ ಹೇಳಬೇಡಿ. ಮಗುವಿನ ಕಿವಿಗೆ ಅದು ಬಿದ್ದರೆ ಮುಂದಿನ ಸಲ ಬಾಯಿ ಬಿಡುವುದಿಲ್ಲ.

ಹೆಜ್ಜೆ 4: ಒತ್ತಡ ಎಲ್ಲಿಂದ ಬರುತ್ತಿದೆ ಅಂತ ಬಿಡಿಸಿ ನೋಡಿ

ಗಮನಿಸಿದ್ದು, ಕೇಳಿಸಿಕೊಂಡಿದ್ದು ಎರಡನ್ನೂ ಸೇರಿಸಿ ನೋಡಿದರೆ ಸಾಮಾನ್ಯವಾಗಿ ಮೂಲ ಕಾಣುತ್ತದೆ. ಪಾಠ, ಜೊತೆಯವರು, ಮನೆ, ಸಮಯವಿಲ್ಲದ ದಿನಚರಿ, ಇವುಗಳಲ್ಲಿ ಒಂದೋ ಎರಡೋ ಇರುತ್ತವೆ.

ಪಾಠದ ವಿಷಯದಲ್ಲಿ ಕೆಲಸವನ್ನು ಸಣ್ಣದು ಮಾಡುವುದೇ ಉಪಾಯ. ‘ವಿಜ್ಞಾನ ಓದು’ ಅನ್ನುವುದು ಮಗುವಿಗೆ ತುದಿ ಮೊದಲಿಲ್ಲದ ಕೆಲಸ. ‘ಈ ಎರಡು ಪುಟ ಓದಿ ಮೂರು ಪ್ರಶ್ನೆ ನೀನೇ ಬರಿ, ಆಮೇಲೆ ಹತ್ತು ನಿಮಿಷ ಬಿಡುವು’ ಅಂದರೆ ಮುಗಿಯುವ ಕೆಲಸ. ಸುಲಭವಾದದ್ದರಿಂದ ಶುರುಮಾಡಿಸಿ. ಶುರುವಾಗುವುದೇ ಕಷ್ಟ, ಮುಂದಿನದು ತಾನಾಗಿ ಸಾಗುತ್ತದೆ.

ಅಂಕದ ವಿಷಯದಲ್ಲಿ ನಮ್ಮ ನಾಲಿಗೆಯ ಮೇಲೆ ಹಿಡಿತ ಇರಲಿ. ಅಮೆರಿಕದ ಮನೋವಿಜ್ಞಾನಿಗಳಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ 1998ರಲ್ಲಿ ಐದನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಒಂದು ಗುಂಪಿಗೆ ‘ನೀನು ಬುದ್ಧಿವಂತ’ ಅಂತ ಹೊಗಳಿದರು, ಇನ್ನೊಂದಕ್ಕೆ ‘ಚೆನ್ನಾಗಿ ಶ್ರಮಪಟ್ಟೆ’ ಅಂತ. ಮುಂದೆ ಕಷ್ಟದ ಲೆಕ್ಕ ಕೊಟ್ಟು ಸೋತಾಗ ಬುದ್ಧಿವಂತ ಅನ್ನಿಸಿಕೊಂಡವರು ಬೇಗ ಕೈಬಿಟ್ಟರು, ಆಮೇಲಿನ ಸುಲಭದ ಲೆಕ್ಕದಲ್ಲೂ ಹಿಂದೆ ಬಿದ್ದರು. ಕಾರಣ ಊಹಿಸಬಹುದು. ಜಾಣ ಅನ್ನಿಸಿಕೊಂಡ ಮೇಲೆ ಒಂದು ಸೋಲು ಅಂದರೂ ಆ ಹೆಸರು ಹೋದ ಹಾಗೆ. ಅಂಕಪಟ್ಟಿ ಬಂದಾಗ ಮೊದಲ ಮಾತು ‘ಯಾವುದು ಕಷ್ಟ ಆಯ್ತು?’ ಅಂತ ಇರಲಿ. ‘ಪಕ್ಕದ ಮನೆಯವನಿಗೆ ಎಷ್ಟು ಬಂತು?’ ಅನ್ನುವುದು ಯಾವತ್ತೂ ಬೇಡ.

ಜೊತೆಯವರ ಕಾಟ ಇದಕ್ಕಿಂತ ಆಳವಾದದ್ದು. ಹಿಂದಿನ ಒಂದು ತಿಂಗಳಲ್ಲಿ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬ ವಿದ್ಯಾರ್ಥಿ ಸಹಪಾಠಿಗಳ ಕಿರುಕುಳಕ್ಕೆ ಒಳಗಾಗಿರುತ್ತಾರೆ ಅಂತ ಯುನೆಸ್ಕೊದ 2019ರ ವರದಿ ಹೇಳುತ್ತದೆ. ‘ನೀನೂ ತಿರುಗಿಸಿ ಹೊಡಿ’, ‘ಅವರ ಕಡೆ ನೋಡಲೇಬೇಡ’ ಅನ್ನುವ ಎರಡು ಸಲಹೆಯೂ ಮಗುವನ್ನು ಒಂಟಿ ಮಾಡುತ್ತವೆ. ಮೊದಲು ‘ಹೇಳಿದ್ದು ಒಳ್ಳೇದಾಯ್ತು, ಇದು ನಿನ್ನ ತಪ್ಪಲ್ಲ’ ಅನ್ನಿ. ಏನಾಯಿತು, ಎಲ್ಲಿ, ಯಾವಾಗ, ಯಾರು ನೋಡಿದರು ಅಂತ ಬರೆದುಕೊಳ್ಳಿ. ಫೋನಿನಲ್ಲಿ ಬಂದ ಸಂದೇಶಗಳಿದ್ದರೆ ಅಳಿಸದೆ ಚಿತ್ರ ತೆಗೆದಿಡಿ. ಶಾಲೆಯಲ್ಲಿ ಹೇಗೆ ಮಾತಾಡುತ್ತೀರಿ ಅನ್ನುವುದನ್ನು ಮಗುವಿಗೆ ಮುಂಚೆಯೇ ತಿಳಿಸಿ. ಗೇಟಿನ ಹತ್ತಿರ ಆ ಹುಡುಗನನ್ನೋ ಅವನ ಅಪ್ಪ ಅಮ್ಮನನ್ನೋ ತಡೆದು ಜಗಳ ಮಾಡಿದರೆ ಮರುದಿನ ಅದರ ಫಲ ಉಣ್ಣುವುದು ನಿಮ್ಮ ಮಗು.

ಮನೆಯ ವಿಷಯ ಹೇಳಲು ಕಷ್ಟ, ಆದರೆ ಹೇಳಲೇಬೇಕು. ಗಂಡಹೆಂಡಿರ ಜಗಳ, ಸಾಲದ ಚಿಂತೆ, ಯಾರದೋ ಕಾಯಿಲೆ, ಮಕ್ಕಳಿಗೆ ಇದೆಲ್ಲ ಗೊತ್ತಾಗುತ್ತದೆ. ಮುಚ್ಚಿಟ್ಟಷ್ಟೂ ಅವರು ತಮ್ಮದೇ ಕಥೆ ಕಟ್ಟಿಕೊಳ್ಳುತ್ತಾರೆ, ಎಷ್ಟೋ ಸಲ ‘ನನ್ನಿಂದಲೇ ಹೀಗಾಯ್ತು’ ಅಂತ. ವಯಸ್ಸಿಗೆ ತಕ್ಕಷ್ಟು ನಿಜ ಹೇಳಿ. ‘ಅಪ್ಪನಿಗೆ ಕೆಲಸದ ಚಿಂತೆ ಇದೆ, ಅದಕ್ಕೆ ಜೋರಾಗಿ ಮಾತಾಡಿದರು. ಅದು ನಿನ್ನಿಂದ ಆಗಿದ್ದಲ್ಲ. ದೊಡ್ಡವರು ನಾವು ಸರಿಮಾಡಿಕೊಳ್ಳುತ್ತೇವೆ.’ ಮೂರು ವಾಕ್ಯ, ಅಷ್ಟು ಸಾಕು. ಮಗುವಿನ ಮುಂದೆ ಜಗಳವಾಗಿದ್ದರೆ ರಾಜಿಯಾದದ್ದೂ ಮಗುವಿನ ಕಣ್ಣಿಗೆ ಬೀಳಲಿ.

ಇನ್ನು ದಿನಚರಿ. ಒಂದು ಹಾಳೆಯ ಮೇಲೆ ವಾರದ ಎಲ್ಲ ಗಂಟೆ ಬರೆದು ಶಾಲೆ, ಓಡಾಟ, ಟ್ಯೂಷನ್, ಸಂಗೀತ, ಕೋಚಿಂಗ್ ಎಲ್ಲ ತುಂಬಿಸಿ. ಯಾರೂ ಏನೂ ಹೇಳದ, ಮಗು ತನಗೆ ಬೇಕಾದ್ದು ಮಾಡುವ ಸಮಯ ದಿನಕ್ಕೆ ಒಂದು ಗಂಟೆಯೂ ಉಳಿಯದಿದ್ದರೆ ಏನನ್ನಾದರೂ ಬಿಡಿಸಲೇಬೇಕು. ಯಾವುದನ್ನು ಬಿಡುವುದು ಅನ್ನುವ ಮಾತಿನಲ್ಲಿ ಮಗುವೂ ಇರಲಿ.

ಹೆಜ್ಜೆ 5: ನಿದ್ದೆ ಮತ್ತು ಆಟವನ್ನು ಮರಳಿ ಕೊಡಿ

ಉಳಿದ ಯಾವುದನ್ನೂ ಮಾಡಲು ಆಗದಿದ್ದರೂ ಇದನ್ನು ಮಾಡಿ. ನಿದ್ದೆಯ ವೈದ್ಯರ ಅಮೆರಿಕದ ಸಂಘಟನೆಯೊಂದು 2016ರಲ್ಲಿ ಕೊಟ್ಟ ಸಲಹೆಯ ಪ್ರಕಾರ 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ. ಬೆಳಿಗ್ಗೆ ಏಳುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ. ಆರು ಗಂಟೆಗೆ ಏಳುವ ಹತ್ತು ವರ್ಷದ ಮಗು ರಾತ್ರಿ ಒಂಬತ್ತಕ್ಕೆ ನಿದ್ದೆಯಲ್ಲಿರಬೇಕು. ಹನ್ನೊಂದಕ್ಕೆ ಮಲಗುತ್ತಿದ್ದರೆ ಅದರ ಸಿಡುಕು, ಮರೆವು, ಅಳು ಎಲ್ಲಕ್ಕೂ ಅರ್ಧ ಕಾರಣ ಅಲ್ಲೇ ಸಿಗಬಹುದು. ಮಲಗುವ ಒಂದು ಗಂಟೆ ಮೊದಲು ಸ್ಕ್ರೀನ್ ಬಂದ್ ಆಗಲಿ, ಫೋನುಗಳು ಕೋಣೆಯ ಹೊರಗೆ ಚಾರ್ಜ್ ಆಗಲಿ. ನಿಮ್ಮದೂ ಸೇರಿ. ಸಂಜೆಯ ಮೇಲೆ ಕಾಫಿ, ಟೀ, ಕೋಲಾ ಬೇಡ.

ಆಟಕ್ಕೂ ಲೆಕ್ಕ ಇದೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಷ್ಟು ಮೈದಣಿಸಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಪರೀಕ್ಷೆ ಹತ್ತಿರ ಬಂದಾಗ ನಾವು ಮೊದಲು ಕತ್ತರಿ ಹಾಕುವುದು ಇದಕ್ಕೇ. ಮಗುವಿಗೆ ಆಟ ಜಾಸ್ತಿ ಬೇಕಾಗಿರುವುದೂ ಆಗಲೇ.

ಹೆಜ್ಜೆ 6: ಗಾಬರಿ ಏರಿದ ಗಳಿಗೆಯಲ್ಲಿ

ಅಳು, ನಡುಕ ಜೋರಾಗಿದ್ದಾಗ ಬುದ್ಧಿಮಾತು ಒಳಗೆ ಇಳಿಯುವುದಿಲ್ಲ. ಯೋಚಿಸಿ ನಿರ್ಧರಿಸುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದು ವರ್ಷದ ಆಸುಪಾಸಿನಲ್ಲಿ. ಮಕ್ಕಳಿಂದ ಆ ಗಳಿಗೆಯಲ್ಲಿ ವಿವೇಕ ನಿರೀಕ್ಷಿಸುವುದು ಅನ್ಯಾಯ. ಪಕ್ಕದಲ್ಲಿ ಕೂತು, ದನಿ ತಗ್ಗಿಸಿ, ನೀವೇ ನಿಧಾನವಾಗಿ ಉಸಿರಾಡಿ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಉಸಿರು ಬಿಡುವುದು ಉದ್ದವಾದಾಗ ಎದೆಬಡಿತ ಇಳಿಯುತ್ತದೆ. ಐದಾರು ಸಲ ಮಾಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಚಿಕ್ಕವರಿಗೆ ಸೋಪಿನ ಗುಳ್ಳೆ ಊದಿಸಿ, ಅದೇ ಕೆಲಸ ಆಗುತ್ತದೆ. ಆದರೆ ಇದನ್ನು ಮಗು ಖುಷಿಯಾಗಿರುವಾಗ ಅಭ್ಯಾಸ ಮಾಡಿಸಿರಬೇಕು. ಗಾಬರಿಯ ನಡುವೆ ಹೊಸದಾಗಿ ಕಲಿಸಲು ಹೋದರೆ ಸಿಟ್ಟು ಬರುತ್ತದೆ ಅಷ್ಟೆ.

ಪರೀಕ್ಷೆಯ ಭಯ ಜಾಸ್ತಿ ಇರುವ ದೊಡ್ಡ ಮಕ್ಕಳಿಗೆ ಒಂದು ಸರಳ ವಿಧಾನ ಇದೆ. ಪರೀಕ್ಷೆಗೆ ಸ್ವಲ್ಪ ಮೊದಲು ಹತ್ತು ನಿಮಿಷ, ಮನಸ್ಸಿನಲ್ಲಿರುವ ಚಿಂತೆಯನ್ನೆಲ್ಲ ಒಂದು ಹಾಳೆಯ ಮೇಲೆ ಬರೆದುಬಿಡುವುದು. ಮನೋವಿಜ್ಞಾನಿಗಳಾದ ಜೆರಾರ್ಡೊ ರಾಮಿರೆಜ್ ಮತ್ತು ಸಿಯಾನ್ ಬೈಲಾಕ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಬಹಳ ಹೆದರುವ ಒಂಬತ್ತನೇ ತರಗತಿಯವರು ಹೀಗೆ ಬರೆದಾಗ ಅವರ ಅಂಕ ಸುಧಾರಿಸಿತು. ಎಲ್ಲರಿಗೂ ಒಂದೇ ಥರ ಫಲ ಸಿಗದೇ ಇರಬಹುದು. ಮನೆಯ ಅಭ್ಯಾಸದ ಪರೀಕ್ಷೆಯಲ್ಲಿ ಒಮ್ಮೆ ಮಾಡಿ ನೋಡಿ. ಆ ಹಾಳೆಯನ್ನು ನೀವು ಓದಬಾರದು, ಹರಿದು ಹಾಕಲಿ.

ಹೆಜ್ಜೆ 7: ಶಾಲೆಗೇ ಹೋಗಲ್ಲ ಅಂದರೆ

ಅಳುವ ಮಗುವನ್ನು ನೋಡಿ ‘ಇವತ್ತೊಂದಿನ ಮನೇಲಿರು’ ಅನ್ನುವುದು ಸಹಜ. ತೊಂದರೆ ಏನೆಂದರೆ, ಉಳಿದ ಕೂಡಲೇ ಭಯ ಇಳಿಯುತ್ತದೆ. ಆ ನೆಮ್ಮದಿಯಿಂದ ಮಗು ಕಲಿಯುವುದು ‘ತಪ್ಪಿಸಿಕೊಂಡರೆ ಸರಿಹೋಗುತ್ತೆ’ ಅಂತ. ನಾಳೆ ಹೋಗುವುದು ಇವತ್ತಿಗಿಂತ ಕಷ್ಟವಾಗುತ್ತದೆ. ಎಳೆದುಕೊಂಡು ಹೋಗಿ ಬಿಡುವುದೂ ತಪ್ಪು. ನಡುವಿನ ದಾರಿ ಎಂದರೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು.

ಶಿಕ್ಷಕರ ಜೊತೆ ಮಾತಾಡಿ ಹೀಗೆ ಯೋಜನೆ ಮಾಡಬಹುದು. ಮೊದಲ ದಿನ ಸಮವಸ್ತ್ರ ಹಾಕಿಕೊಂಡು ಗೇಟಿನವರೆಗೆ. ಮರುದಿನ ಲೈಬ್ರರಿಯಲ್ಲಿ ಒಂದು ಗಂಟೆ. ಆಮೇಲೆ ಇಷ್ಟದ ಎರಡು ಪೀರಿಯಡ್. ಆಮೇಲೆ ಊಟದವರೆಗೆ. ಪ್ರತಿ ಮೆಟ್ಟಿಲಲ್ಲೂ ಭಯ ಏರುತ್ತದೆ, ಸ್ವಲ್ಪ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಅದು ಇಳಿಯುವವರೆಗೆ ಅಲ್ಲಿರುವುದೇ ಮುಖ್ಯ. ಮನೆಯಲ್ಲಿ ಉಳಿದ ದಿನ ಶಾಲೆಯ ಹೊತ್ತಿನಲ್ಲಿ ಟಿವಿ, ಗೇಮ್ ಇಲ್ಲ. ಪಾಠದ ಕೆಲಸ ಇರಲಿ. ಇದನ್ನು ಶಿಕ್ಷೆಯ ದನಿಯಲ್ಲಿ ಹೇಳಬೇಡಿ, ನಿಯಮ ಅಂತ ಹೇಳಿದರೆ ಸಾಕು. ಕಿರುಕುಳ ನಡೆಯುತ್ತಿದ್ದರೆ ಮಾತ್ರ ಈ ಕ್ರಮ ಹೊಂದುವುದಿಲ್ಲ. ಮೊದಲು ಅದು ನಿಲ್ಲಬೇಕು.

ಶಾಲೆಯವರ ಹತ್ತಿರ

ದೂರು ಕೊಡುವವರ ಹಾಗೆ ಹೋಗಬೇಡಿ. ನಿಮ್ಮ ಎರಡು ವಾರದ ಟಿಪ್ಪಣಿ ತೆಗೆದುಕೊಂಡು ಹೋಗಿ ‘ಮನೆಯಲ್ಲಿ ಹೀಗೆ ಕಾಣುತ್ತಿದೆ, ನಿಮಗೆ ತರಗತಿಯಲ್ಲಿ ಏನು ಕಾಣುತ್ತಿದೆ?’ ಅಂತ ಕೇಳಿ. ಬೇಕಾದ್ದನ್ನು ಸ್ಪಷ್ಟವಾಗಿ ಹೇಳಿ. ಕೂರುವ ಜಾಗ ಬದಲಿಸುವುದು, ಎಲ್ಲರ ಮುಂದೆ ಅಂಕ ಓದದಿರುವುದು, ಬರೆಯಲು ಸ್ವಲ್ಪ ಹೆಚ್ಚು ಸಮಯ. ಎರಡು ವಾರ ಬಿಟ್ಟು ಮತ್ತೆ ಯಾವಾಗ ಸಿಗುವುದು ಅನ್ನುವ ದಿನವನ್ನು ಅಲ್ಲೇ ಗೊತ್ತುಮಾಡಿಕೊಂಡು ಬನ್ನಿ.

ತಜ್ಞರ ಹತ್ತಿರ ಯಾವಾಗ

ಎರಡು ವಾರಕ್ಕಿಂತ ಹೆಚ್ಚು ದಿನ ಮಂಕಾಗಿದ್ದರೆ, ಶಾಲೆ ತಪ್ಪುತ್ತಲೇ ಇದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಮೈಮೇಲೆ ಗಾಯ ಮಾಡಿಕೊಂಡ ಗುರುತು ಕಂಡರೆ ಮಕ್ಕಳ ವೈದ್ಯರಿಂದ ಶುರುಮಾಡಿ. ಅವರು ಆಪ್ತಸಮಾಲೋಚಕರಿಗೋ ಮಕ್ಕಳ ಮನೋವೈದ್ಯರಿಗೋ ಕಳಿಸುತ್ತಾರೆ. ಮಕ್ಕಳ ಆತಂಕಕ್ಕೆ ಸಾಮಾನ್ಯವಾಗಿ ಮೊದಲು ಕೊಡುವುದು ಮಾತ್ರೆಯಲ್ಲ, ಯೋಚನೆ ಮತ್ತು ನಡವಳಿಕೆಯನ್ನು ಹಂತಹಂತವಾಗಿ ಬದಲಿಸುವ ಮಾತಿನ ಚಿಕಿತ್ಸೆ.

‘ನಾನು ಇಲ್ಲದಿದ್ರೆ ಚೆನ್ನಾಗಿತ್ತು’, ‘ಸಾಯಬೇಕು ಅನ್ಸುತ್ತೆ’ ಅನ್ನುವ ಮಾತು ಬಂದರೆ ಕಾಯಬೇಡಿ. ಬೆದರಿಸಲು ಹೇಳುತ್ತಿದೆ ಅಂತ ತಳ್ಳಿಹಾಕಬೇಡಿ. ‘ನಿನಗೆ ಸಾಯುವ ಯೋಚನೆ ಬರುತ್ತಿದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಬಂದುಬಿಡುತ್ತದೆ ಅನ್ನುವುದು ತಪ್ಪು ನಂಬಿಕೆ. ಕೇಳಿದಾಗ ಮಕ್ಕಳಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಮಗುವನ್ನು ಒಂಟಿಯಾಗಿ ಬಿಡಬೇಡಿ. ಮಾತ್ರೆ, ಕೀಟನಾಶಕ, ಹರಿತವಾದ ವಸ್ತುಗಳನ್ನು ಕೈಗೆ ಸಿಗದ ಹಾಗೆ ಬೀಗ ಹಾಕಿಡಿ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಥವಾ ಸಹಾಯವಾಣಿಗೆ ಫೋನ್ ಮಾಡಿ.

ತಜ್ಞರಲ್ಲಿಗೆ ಹೋಗುವ ವಿಷಯವನ್ನು ಮಗುವಿನಿಂದ ಮುಚ್ಚಿಡಬೇಡಿ, ಎಲ್ಲಿಗೋ ಹೋಗೋಣ ಅಂತ ಸುಳ್ಳು ಹೇಳಿ ಕರೆದೊಯ್ಯಬೇಡಿ. ‘ನಿನ್ನ ಹೊಟ್ಟೆನೋವು, ಭಯ ಎರಡೂ ಕಡಿಮೆ ಮಾಡೋಕೆ ಗೊತ್ತಿರೋರು ಒಬ್ಬರಿದ್ದಾರೆ. ನಾನೂ ಜೊತೆಗೆ ಬರ್ತೀನಿ. ಅವರ ಹತ್ತಿರ ಏನು ಹೇಳಬೇಕು, ಏನು ಬೇಡ ಅನ್ನೋದು ನಿನ್ನಿಷ್ಟ’ ಅಂತ ಹಿಂದಿನ ದಿನವೇ ಹೇಳಿ. ನಿಮ್ಮ ಟಿಪ್ಪಣಿ ಮತ್ತು ಹಿಂದೆ ಮಾಡಿಸಿದ ಪರೀಕ್ಷೆಗಳ ಕಾಗದ ಜೊತೆಗೆ ಇಟ್ಟುಕೊಳ್ಳಿ. ಎಂದಿನಿಂದ ಶುರು, ವಾರಕ್ಕೆ ಎಷ್ಟು ಸಲ, ಏನು ಮಾಡಿದರೆ ಕಡಿಮೆಯಾಗುತ್ತದೆ ಅನ್ನುವುದನ್ನೇ ಅವರು ಮೊದಲು ಕೇಳುವುದು.